ತಂಗಿಯ ಪೆಟ್ಟಿಗೆಯಲ್ಲಿದ್ದ ಅರ್ಜಿ

ನನ್ನ ತಂಗಿಯ ಮದುವೆ ನಡೆದದ್ದು ಅವಳು ಸತ್ತು ಒಂಬತ್ತು ವರ್ಷ ಕಳೆದ ಮೇಲೆ. ಅದೇ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ನನ್ನನ್ನು ಹೈಸ್ಕೂಲಿಗೆ ಕಳಿಸುವುದೋ ಬೇಡವೋ ಎಂಬ ಮಾತೂ ನಮ್ಮ ಮನೆಯ ಜಗಲಿಯಲ್ಲಿ ನಡೆಯುತ್ತಿತ್ತು. ಎರಡರಲ್ಲಿ ಯಾವುದು ಮೊದಲು ಆಗಬೇಕು ಎಂದು ನನ್ನನ್ನು ಕೇಳಿದ್ದರೆ ಖಂಡಿತ ಹೇಳುತ್ತಿದ್ದೆ. ಕೇಳುವವರು ಯಾರು! ಕಣ್ಣಿಲ್ಲದವಳಿಗೆ ಕಿವಿಯೂ ಇಲ್ಲ ಎಂದು ನಂಬಿದ್ದ ಜನ. ನನ್ನೆದುರೇ ಕೂತು, ನನ್ನ ವಿಷಯವನ್ನೇ, ನಾನು ಎಲ್ಲೋ ಪಕ್ಕದ ಊರಿನಲ್ಲಿದ್ದೇನೆ ಎಂಬಂತೆ ಮಾತಾಡುತ್ತಿದ್ದರು.

ನಾವು ಅವಳಿಗಳು. ನಾನು ಒಂದು ಗಳಿಗೆ ದೊಡ್ಡವಳು. ಮನೆ ಇದ್ದದ್ದು ಕಡಬದಿಂದ ಆಲಂಕಾರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲು ಒಳಗೆ. ಮನೆಯಲ್ಲಿ ಆಡುತ್ತಿದ್ದದ್ದು ಅರೆಭಾಷೆ, ಗದ್ದೆಯಲ್ಲಿ ತುಳು. ಇಲ್ಲಿ ಮಾತ್ರ ಎಲ್ಲರಿಂದಲೂ ಕನ್ನಡವನ್ನೇ ಆಡಿಸುತ್ತಿದ್ದೇನೆ, ಓದುವವರಿಗೆ ಕಷ್ಟವಾಗಬಾರದಲ್ಲ. ಅಮ್ಮ ನಮಗೆ ಎರಡು ವರ್ಷವಾದಾಗಲೇ ಜ್ವರದಲ್ಲಿ ತೀರಿಕೊಂಡಿದ್ದಳು. ನಮ್ಮನ್ನು ಸಾಕಿದವಳು ಅಜ್ಜಿ, ಅಪ್ಪನ ತಾಯಿ.

ಐದನೆಯ ವರ್ಷದಲ್ಲಿ ಇಬ್ಬರಿಗೂ ಸಿಡುಬು ಬಂತು. ಗದ್ದೆಯಾಚೆ ತೆಂಗಿನ ಮಡಲಿನ ಗುಡಿಸಲು ಕಟ್ಟಿ ನಮ್ಮನ್ನು ಅಲ್ಲಿ ಇಟ್ಟರು. ಅಜ್ಜಿಗೆ ಚಿಕ್ಕಂದಿನಲ್ಲೇ ಅದು ಬಂದು ಹೋಗಿದ್ದರಿಂದ ಅವಳೊಬ್ಬಳೇ ಜೊತೆಗಿದ್ದಳು. ಅಪ್ಪ ಗಂಜಿಯ ಪಾತ್ರೆಯನ್ನು ಗದ್ದೆಯ ಬದುವಿನ ಮೇಲಿಟ್ಟು ಕೂಗಿ ಹೇಳಿ ಹೋಗುತ್ತಿದ್ದ. ನಮ್ಮನ್ನು ಮಲಗಿಸಿದ್ದು ಬಾಳೆಎಲೆಯ ಮೇಲೆ. ಮಗ್ಗುಲು ಬದಲಿಸಿದರೆ ಎಲೆ ಸರಕ್ಕೆನ್ನುತ್ತಿತ್ತು. ನನ್ನ ಕಣ್ಣು ಆಗಲೇ ಅಂಟಿಹೋಗಿದ್ದರಿಂದ ತಂಗಿ ಇದ್ದಾಳೆ ಎಂದು ತಿಳಿಯುತ್ತಿದ್ದದ್ದು ಆ ಸದ್ದಿನಿಂದ. ಒಂದು ಬೆಳಿಗ್ಗೆ ಎಷ್ಟು ಹೊತ್ತಾದರೂ ಅವಳ ಎಲೆ ಸದ್ದು ಮಾಡಲಿಲ್ಲ. ಕೈ ಚಾಚಿ ಮುಖ ಮುಟ್ಟಿದೆ. ಮುಖದ ತುಂಬ ಗುಳ್ಳೆ, ತಣ್ಣಗೆ. ಅಜ್ಜಿ ನನ್ನ ಕೈಯನ್ನು ಎತ್ತಿ ನನ್ನ ಎದೆಯ ಮೇಲಿಟ್ಟಳು.

ನನಗೆ ವಾಸಿಯಾಯಿತು. ಕಣ್ಣು ಬಿಡಿಸಿದಾಗ ಒಳಗೆ ಬೆಳಕಿರಲಿಲ್ಲ.

ಆಮೇಲೆ ಅಜ್ಜಿ ಎಲ್ಲವನ್ನೂ ಎರಡೆರಡು ಮಾಡತೊಡಗಿದಳು. ನನಗೆ ಒಂದು ರವಿಕೆ ಹೊಲಿಸಿದರೆ ತಂಗಿಗೂ ಒಂದು. ಎರಡು ಬಾಚಣಿಗೆ, ಎರಡು ರಿಬ್ಬನ್ನು, ಎರಡು ಚಾಪೆ. ಊಟಕ್ಕೆ ನನ್ನ ಬಟ್ಟಲಿನ ಎಡಗಡೆ ಇನ್ನೊಂದು ಬಟ್ಟಲು, ಅದರಲ್ಲಿ ಒಂದು ತುತ್ತು ಅನ್ನ. "ಮಕ್ಕಳೇ, ಊಟಕ್ಕೆ ಬನ್ನಿ" ಎಂದೇ ಕರೆಯುತ್ತಿದ್ದಳು. ಬಂದವರು ಇದನ್ನು ಕೇಳಿ ಮಾತು ನಿಲ್ಲಿಸುತ್ತಿದ್ದರು. ಅವರೆಲ್ಲ ನನ್ನ ಎಡಗಡೆಗೆ ಒಮ್ಮೆ ನೋಡಿ, ಯಾರೂ ಇಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದಿರಬೇಕು. ನನಗೆ ಆ ಅನುಕೂಲ ಇರಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲ ಎಂದು ನಾನು ಒಮ್ಮೆಯೂ ಕಂಡವಳಲ್ಲ.

ಶಾಲೆಗೆ ಹೋದದ್ದು ಊರಿನ ಮಾಸ್ಟ್ರ ಹಠದಿಂದ. ನಶ್ಯ ಏರಿಸುವ, ಮೂಗಿನ ತುದಿಯಲ್ಲಿ ಸಿಟ್ಟಿರುವ ಮನುಷ್ಯ. "ಕಿವಿ ಉಂಟಲ್ಲ, ಕೂತ್ಕೊಳ್ಳಲಿ" ಎಂದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಕೇಳಿ ಕೇಳಿಯೇ ಎಂಟನೆಯ ಕ್ಲಾಸಿನ ತನಕ ಬಂದೆ. ಮಗ್ಗಿ, ಪದ್ಯ, ನದಿಗಳ ಹೆಸರು ಎಲ್ಲ ಬಾಯಲ್ಲಿತ್ತು. ಎಂಟು ಮುಗಿಯಿತು, ಮುಂದೆ ಎಂತ? ಮಾಸ್ಟ್ರು ನಮ್ಮ ಜಗಲಿಗೆ ಬಂದು ಕೂತರು.

"ನೋಡಿ ಮಾರಾಯ್ರೆ," ಎಂದು ಅಪ್ಪನಿಗೆ ಹೇಳಿದರು, "ಪುತ್ತೂರಿನಲ್ಲಿ ಹೈಸ್ಕೂಲಿನವರ ಹತ್ತಿರ ಮಾತಾಡಿ ಬಂದೆ. ಬಂದು ಕೂತುಕೊಳ್ಳಲಿ, ಪರೀಕ್ಷೆ ಮಾತ್ರ ಕೇಳ್ಬೇಡಿ ಅಂತಾರೆ. ಪರೀಕ್ಷೆ ಇಲ್ಲದ ಹೈಸ್ಕೂಲು ಎಂತಕ್ಕೆ? ಅದಕ್ಕಿಂತ ಮನೆಯಲ್ಲೇ ಅವಲಕ್ಕಿ ಕುಟ್ಟಬಹುದು."

"ಮತ್ತೆಂತ ಮಾಡುದು?" ಎಂದ ಅಪ್ಪ.

"ಘಟ್ಟದ ಮೇಲೆ ಕಣ್ಣಿಲ್ಲದ ಮಕ್ಕಳ ಶಾಲೆ ಉಂಟು. ಹಾಸ್ಟೆಲೂ ಉಂಟು. ಮೊದಲು ಬೆರಳಿನಲ್ಲಿ ಓದ್ಲಿಕ್ಕೆ ಕಲಿಸ್ತಾರೆ, ಮತ್ತೆ ಹೈಸ್ಕೂಲಿನ ಪಾಠ, ಪರೀಕ್ಷೆ, ಎಲ್ಲ. ರಾಜ್ಯ ಒಂದಾಗಿ ಎಷ್ಟು ವರ್ಷ ಆಯ್ತು! ಈಗ ಅದೂ ನಮ್ಮದೇ ಶಾಲೆ. ನಾನು ಕಾಗದ ಬರೆದಿದ್ದೆ, ಒಂದು ಜಾಗ ಉಂಟಂತೆ."

ಲಕೋಟೆಯಿಂದ ಅರ್ಜಿ ತೆಗೆದು ಓದಿ ಹೇಳಿದರು. ಸರಕಾರಿ ಡಾಕ್ಟರ ಸಹಿ ಬೇಕು, ತಂದೆಯ ಸಹಿ ಬೇಕು. ಶಾಲೆಯ ಮೊಹರು ಬಿದ್ದ ಇದೇ ಅರ್ಜಿಯನ್ನು, ಮಗುವನ್ನು, ಎರಡನ್ನೂ ಆಗಸ್ಟ್ ಹದಿನೈದರ ಮೊದಲು ತಲುಪಿಸಬೇಕು. ತಪ್ಪಿದರೆ ಜಾಗ ಬೇರೆಯವರಿಗೆ. ಹದಿನೈದು ವರ್ಷ ತುಂಬಿದವರನ್ನು ಹೊಸದಾಗಿ ಸೇರಿಸುವುದಿಲ್ಲ. ನನಗೆ ದೀಪಾವಳಿಯ ಹೊತ್ತಿಗೆ ಹದಿನೈದು ತುಂಬುತ್ತಿತ್ತು. ಅಂದರೆ ಈ ವರ್ಷ ಹೋದರೆ ಹೋದ ಹಾಗೆ, ಇಲ್ಲವಾದರೆ ಜನ್ಮಪೂರ್ತಿ ಜಗಲಿ.

ಲಕೋಟೆಯೊಳಗೆ ಇನ್ನೊಂದು ದಪ್ಪ ಹಾಳೆಯಿತ್ತು. ಮಾಸ್ಟ್ರು ನನ್ನ ಬೆರಳು ಹಿಡಿದು ಅದರ ಮೇಲಿಟ್ಟರು. ಉಬ್ಬಿದ ಚುಕ್ಕಿಗಳು. "ಇದು ಅಕ್ಷರ," ಎಂದರು. ನಾನು ಇನ್ನೊಂದು ಕೈಯಿಂದ ಸಿಡುಬು ಕೊರೆದ ನನ್ನ ಕೆನ್ನೆ ಮುಟ್ಟಿಕೊಂಡೆ. ಅಲ್ಲಿ ತಗ್ಗು, ಇಲ್ಲಿ ಉಬ್ಬು, ಅಷ್ಟೇ ವ್ಯತ್ಯಾಸ. ಮುಖದ ಮೇಲೆ ಇಷ್ಟೆಲ್ಲ ಬರೆಸಿಕೊಂಡು ಓದಲು ಬಾರದೆ ಕೂತಿದ್ದೇನಲ್ಲ ಎಂದು ನಗು ಬಂತು.

ಅಪ್ಪ ಪುತ್ತೂರಿಗೆ ಕರೆದುಕೊಂಡು ಹೋಗಿ ಡಾಕ್ಟರ ಸಹಿ ಹಾಕಿಸಿದ. ತಾನೂ ಸಹಿ ಹಾಕಿದ. ಲಕೋಟೆಯನ್ನು ನನ್ನ ಚಾಪೆಯ ಅಡಿಯಲ್ಲಿಟ್ಟುಕೊಂಡೆ. ದಿನಕ್ಕೆ ಹತ್ತು ಸಲ ಚುಕ್ಕಿಗಳನ್ನು ಮುಟ್ಟುತ್ತಿದ್ದೆ. ಮುಟ್ಟುವಾಗ ಕೆಲವೊಮ್ಮೆ ಹಾಳೆಯ ಎಡತುದಿಯನ್ನು ಇನ್ನೊಬ್ಬರು ಹಿಡಿದ ಹಾಗೆ ಬಿಗಿಯಾಗುತ್ತಿತ್ತು. ಚಾಪೆಯ ಹುರಿಗೆ ಸಿಕ್ಕಿಕೊಂಡಿರಬೇಕು ಎಂದು ಬಿಡಿಸಿಕೊಳ್ಳುತ್ತಿದ್ದೆ.

ಅಜ್ಜಿ ಮಾತ್ರ ಬಾಯಿ ಬಿಡಲಿಲ್ಲ. ಹೊರಡುವ ದಿನ ಗೊತ್ತು ಮಾಡುವ ಹೊತ್ತಿಗೆ ಆಟಿ ಶುರುವಾಗಿತ್ತು. ನಮ್ಮಲ್ಲಿ ಆಟಿಯಲ್ಲಿ ಬದುಕಿದ್ದವರು ಹೊಸ ಕೆಲಸ ಹಿಡಿಯುವುದಿಲ್ಲ, ಮದುವೆ ಮುಂಜಿ ಒಂದೂ ಇಲ್ಲ. ಮೊದಲ ಸಲ ಹೊರಟ ದಿನ ಬಸ್ಸು ಬರಲೇ ಇಲ್ಲ. ಎರಡನೆಯ ಸಲ ಅಪ್ಪ ಹೊಸ್ತಿಲಲ್ಲಿ ಎಡವಿ ಕಾಲು ಉಳುಕಿಸಿಕೊಂಡ. ಆಗ ಅಜ್ಜಿ ಬಾಯಿ ಬಿಟ್ಟಳು. "ಸಾಕು. ಒಮ್ಮೆ ಪ್ರಶ್ನೆ ಇಡಿಸಿ ನೋಡುವ."

ಪ್ರಶ್ನೆ ನೋಡುವವರು ಬಂದು ಚಾವಡಿಯಲ್ಲಿ ಕೂತು ಕವಡೆ ಹಾಕಿದರು. ಕವಡೆಗಳು ಮಣೆಯ ಮೇಲೆ ಹೊರಳಿ ನಿಂತವು.

"ಈ ಮನೆಯಲ್ಲಿ ಒಂದು ಹೆಣ್ಣು ಉಂಟು," ಎಂದರು ಅವರು. "ಹೋದದ್ದು ಮಗು ಆಗಿರುವಾಗ. ಈಗ ದೊಡ್ಡದಾಗಿದೆ. ಮದುವೆ ಕೇಳ್ತಾ ಉಂಟು."

ಅಜ್ಜಿ ಸಣ್ಣಗೆ ಅತ್ತಳು. ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು, ನಮ್ಮ ಕಡೆ ಗೊತ್ತಿದ್ದದ್ದೇ. ಸತ್ತವರು ಕುಲೆಗಳಾಗಿ ಮನೆಯವರ ಸುತ್ತಲೇ ಇರುತ್ತಾರೆ. ಮಗುವಾಗಿ ಸತ್ತವರು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಆಗ ಅವರಿಗೆ ಸತ್ತವರಲ್ಲೇ ಜೋಡಿ ಹುಡುಕಿ ಮದುವೆ ಮಾಡಿಸಬೇಕು. ಅದಕ್ಕೆ ಆಟಿಯೇ ತಿಂಗಳು.

"ಅದು ಅಕ್ಕನ ಕೈ ಹಿಡ್ಕೊಂಡು ಕೂತಿದೆ," ಎಂದರು ಪ್ರಶ್ನೆಯವರು. "ಅದನ್ನು ಕಳಿಸದೆ ಇದನ್ನು ಕಳಿಸ್ಲಿಕ್ಕೆ ಆಗುದಿಲ್ಲ. ಕಳಿಸಿದ್ರೆ ಇದೂ ಉಳಿಯುದಿಲ್ಲ."

ನನಗೆ ರೇಗಿಹೋಯಿತು. "ಯಾವ ಕೈ?" ಎಂದು ಕೇಳಿಯೇಬಿಟ್ಟೆ. ಅಪ್ಪ ಶ್ ಎಂದ.

"ಎಡಗೈ," ಎಂದರು ಅವರು.

ಆಗ ನನಗೆ ಗೊತ್ತಾಯಿತು, ನಾನು ಕೂತದ್ದು ಎಡಗೈಯನ್ನು ಪಕ್ಕಕ್ಕೆ ಚಾಚಿ, ಬೆರಳುಗಳನ್ನು ಅರ್ಧ ಮಡಚಿಕೊಂಡು. ಸಣ್ಣ ಮಕ್ಕಳ ಕೈ ಹಿಡಿದವರು ಕೂರುವ ಹಾಗೆ. ಯಾವಾಗಲೂ ಹಾಗೆಯೇ ಕೂರುತ್ತಿದ್ದೆನೋ ಅಂದೇ ಮೊದಲೋ, ಇವತ್ತಿಗೂ ಹೇಳಲಾರೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಅಂಗೈ ಬೆವತಿತ್ತು.

ಸರಿ, ಮದುವೆಯ ಓಡಾಟ ಶುರು. ಅಪ್ಪ ಉಳುಕಿದ ಕಾಲಿನಲ್ಲೇ ಕುಂಟುತ್ತ ಸತ್ತ ಗಂಡು ಹುಡುಕಲು ಹೊರಟ. ಕಡಬದಲ್ಲಿ ಒಬ್ಬ ಸಿಕ್ಕಿದ, ಆದರೆ ನಮ್ಮದೇ ಬಳಿಯವನು, ಅಂದರೆ ನಮ್ಮದೇ ಕುಲದವನು, ಒಂದೇ ಬಳಿಯಲ್ಲಿ ಸಂಬಂಧ ಆಗದು. ಆಲಂಕಾರಿನಲ್ಲಿ ಇನ್ನೊಬ್ಬ ಇದ್ದ, ಆದರೆ ಸತ್ತು ನಲವತ್ತು ವರ್ಷ. "ಅಯ್ಯೋ, ಅಂಥಾ ಮುದುಕನಿಗೆ ಕೊಡುದಾ ನನ್ನ ಮಗುವನ್ನು?" ಎಂದಳು ಅಜ್ಜಿ. ಕೊನೆಗೆ ಸುಳ್ಯದಾಚೆ ಆಲೆಟ್ಟಿಯಲ್ಲಿ ಕೂಡಿಬಂತು. ಎಂಟು ವರ್ಷದ ಹುಡುಗ, ಪಯಸ್ವಿನಿ ಹೊಳೆಯಲ್ಲಿ ಮುಳುಗಿದವನು, ಇದ್ದಿದ್ದರೆ ಹದಿನೆಂಟು. ಅವನ ತಾಯಿಯೂ ಎರಡು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಳಂತೆ.

ಮಾಸ್ಟ್ರಿಗೆ ಸುದ್ದಿ ತಿಳಿದು ಅಂಗಳದಲ್ಲೇ ನಿಂತು ಕೂಗಾಡಿದರು. "ಎಂತ ಮಾರಾಯ್ರೆ ಇದು! ಸತ್ತವಳಿಗೆ ಗಂಡು ಹುಡುಕಲಿಕ್ಕೆ ಮೂರು ಊರು ಸುತ್ತಿದಿರಿ. ಬದುಕಿದವಳನ್ನು ಒಂದು ಬಸ್ಸು ಹತ್ತಿಸ್ಲಿಕ್ಕೆ ನಿಮಗೆ ಕಾಲು ನೋವಾ? ದಿನ ಎಷ್ಟು ಉಳಿದಿದೆ ಗೊತ್ತುಂಟಾ?"

"ಮದುವೆ ಆದ ಮರುದಿನವೇ ಹೊರಡುವ ಮಾಸ್ಟ್ರೆ," ಎಂದ ಅಪ್ಪ. ಅವನು ತಾಯಿಯ ಮಾತಿಗೆ ಎದುರಾಡಿದವನಲ್ಲ. ಎದುರಾಡದೆ ಇರುವುದೇ ಅವನ ಕಸುಬು ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಬಳೆಗಾರ ಬಂದ. ಮದುಮಗಳ ಅಳತೆ ಬೇಕಲ್ಲ, ಅಜ್ಜಿ ನನ್ನನ್ನು ಕೂರಿಸಿದಳು. ಅವನು ನನ್ನ ಕೈ ಹಿಸುಕಿ ಹಸಿರು ಬಳೆ ಏರಿಸುತ್ತ, "ಮದುವೆ ನಿಮಗಾ?" ಎಂದ.

"ಅಲ್ಲ, ಇವಳ ತಂಗಿಗೆ," ಎಂದಳು ಅಜ್ಜಿ. "ಅಳತೆ ಒಂದೇ. ತೊಡಿಸಿ, ತೆಗೆದು ಕೊಡು."

"ಅವರನ್ನೇ ಕರೀಬಹುದಿತ್ತಲ್ಲ?"

ಅಜ್ಜಿ ನನ್ನ ಕೈಯನ್ನು ಇನ್ನಷ್ಟು ಮುಂದಕ್ಕೆ ಒಡ್ಡಿದಳು. ಬಳೆಗಾರನ ಬೆರಳುಗಳು ನನ್ನ ಮಣಿಕಟ್ಟಿನ ಮೇಲೆ ನಿಂತವು. ಹೊರಗಿನವನಲ್ಲವಲ್ಲ, ಅವನಿಗೂ ಅರ್ಥವಾಯಿತು. ಬಳೆಗಳನ್ನು ಒಂದೊಂದಾಗಿ ತೆಗೆದು ಕೊಟ್ಟು, ಎಲೆ ಅಡಿಕೆಗೂ ನಿಲ್ಲದೆ ಗಂಟು ಕಟ್ಟಿಕೊಂಡು ಹೋದ. ನನ್ನ ಮುಂಗೈ ಅವತ್ತಿಡೀ ಖಾಲಿ ಖಾಲಿ ಅನಿಸಿತು.

ಮದುವೆಯ ದಿನ ಮಧ್ಯಾಹ್ನ ಆಲೆಟ್ಟಿಯಿಂದ ದಿಬ್ಬಣ ಬಂತು. ವಾದ್ಯವಿಲ್ಲ. ಹತ್ತಾರು ಜನರ ಬರಿಗಾಲಿನ ಸದ್ದು ಮಾತ್ರ. ಮುಂದೆ ಬಂದವರು ಮಣೆಯ ಮೇಲೆ ಮದುಮಗನನ್ನು ಹೊತ್ತಿದ್ದರು. ಮಡಚಿದ ಪಂಚೆ, ಶಾಲು, ಮುಂಡಾಸು, ಇಷ್ಟೇ ಎಂದು ಅಪ್ಪ ಕಿವಿಯಲ್ಲಿ ಹೇಳಿದ. ನಮ್ಮ ಮಣೆಯ ಮೇಲೆ ನೆರಿಗೆ ಹಿಡಿದ ಸೀರೆ, ರವಿಕೆ, ಮಲ್ಲಿಗೆ. "ಜಾಗ್ರತೆ, ಮದುಮಗಳು ಬರ್ತಾ ಉಂಟು, ದಾರಿ ಬಿಡಿ" ಎಂದು ಹೆಂಗಸರು ಹೇಳಿದಾಗ ಜನ ಎರಡು ಕಡೆಗೂ ಸರಿದ ಸದ್ದು ಕೇಳಿತು. ಹಿಂದೆಯೇ ಒಬ್ಬಳು ಶೋಭಾನೆ ಎತ್ತಿದಳು, ತೀರ ಮೆಲ್ಲಗೆ, ತೊಟ್ಟಿಲ ಮಗು ಎದ್ದುಬಿಡಬಾರದು ಎನ್ನುವ ಹಾಗೆ. ಧಾರೆಯ ನೀರು ಬಟ್ಟಲಿಗೆ ಬೀಳುವುದು ಕೇಳಿಸಿತು. ಎಲ್ಲರೂ ಅತ್ತರು. ನಾನು ಅಳಲಿಲ್ಲ. ಒಳ್ಳೆಯದಾಯಿತು, ಇನ್ನು ನನ್ನ ಕೈ ಬಿಡುತ್ತಾಳೆ ಎಂದುಕೊಂಡೆ. ಹಾಗೆಂದುಕೊಂಡದ್ದಕ್ಕೆ ನನಗೇ ನಾಚಿಕೆಯಾಯಿತು.

ಮದುಮಗಳ ಬೆತ್ತದ ಪೆಟ್ಟಿಗೆಯನ್ನು ಅಜ್ಜಿ ಒಳಕೋಣೆಯಲ್ಲಿ ಒಬ್ಬಳೇ ಕೂತು ತುಂಬಿಸಿದಳು. ನಾನು ಗೋಡೆಯ ಈಚೆ ಇದ್ದೆ. ಒಂಬತ್ತು ವರ್ಷದ ರವಿಕೆಗಳು, ಅಳತೆಯಲ್ಲಿ ಒಂದಕ್ಕಿಂತ ಒಂದು ದೊಡ್ಡದು, ಒಂದರ ಮೇಲೊಂದು ಬಿದ್ದವು. ಬಾಚಣಿಗೆ ಟಕ್ ಎಂದಿತು. ಬಳೆಗಳು. ಅದರ ನಡುವೆ ಒಂದು ಸದ್ದು, ದಪ್ಪ ಕಾಗದ ಬಗ್ಗಿದ ಸದ್ದು. ಬಳೆ ಸುತ್ತಿದ ಕಾಗದ ಇರಬೇಕು ಎಂದುಕೊಂಡು ಸುಮ್ಮನಾದೆ. ಮುಚ್ಚಳ ಬಿತ್ತು. ದಿಬ್ಬಣದವರು ಮಣೆಯನ್ನೂ ಪೆಟ್ಟಿಗೆಯನ್ನೂ ಹೊತ್ತು ಹೊರಟರು.

ಅವರು ಅತ್ತ ಹೋದದ್ದೇ ತಡ, ನಾನು ಚಾಪೆ ಎತ್ತಿದೆ. ಲಕೋಟೆ ಇರಲಿಲ್ಲ.

ಚಾಪೆ ಕೊಡವಿದೆ, ಪಕ್ಕದ ಖಾಲಿ ಚಾಪೆಯನ್ನೂ ಕೊಡವಿದೆ. ನೆಲವನ್ನೆಲ್ಲ ಅಂಗೈಯಲ್ಲಿ ಗುಡಿಸಿದೆ. ಅಪ್ಪ ಭತ್ತ ತುಂಬುವ ಪತ್ತಾಯದ ಹಿಂದೆಯೂ ನೋಡಿದ. ಅಜ್ಜಿ ಬಾಗಿಲಲ್ಲಿ ನಿಂತು, "ಎಂತ ಕಾಗದ? ನನಗೆಂತ ಗೊತ್ತು ಕಾಗದದ ವಿಷಯ? ಗೆದ್ದಲು ತಿಂದಿರ್ಬೇಕು," ಎಂದಳು.

"ಗೆದ್ದಲು ಒಂದೇ ದಿನದಲ್ಲಿ ಲಕೋಟೆ ನುಂಗ್ತದಾ? ಪೆಟ್ಟಿಗೆಗೆ ಹೋಗಿದೆ ಅದು! ನಾನು ಕೇಳಿದ್ದೇನೆ, ಕಾಗದದ ಸದ್ದು ಕೇಳಿದ್ದೇನೆ!"

"ಹೋಗಿದ್ರೂ ಈಗ ಎಂತ ಮಾಡುದು? ಕುಲೆಗೆ ಕೊಟ್ಟದ್ದನ್ನು ವಾಪಸು ತರ್ಲಿಕ್ಕೆ ಉಂಟಾ?" ಎಂದಳು ಅಜ್ಜಿ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಮನೆ ಹಾರಿಹೋಗುವ ಹಾಗೆ ಕಿರುಚಿದೆ. ಅಳುತ್ತ ಅಳುತ್ತ, ನನ್ನ ಎಡಗಡೆಗೆ ಬಟ್ಟಲು ಇಡಬೇಡಿ ಎಂದೆ, ನನ್ನನ್ನು ಮಕ್ಕಳೇ ಎಂದು ಕರೆಯಬೇಡಿ ಎಂದೆ. ಅವಳು ಸತ್ತಿದ್ದಾಳೆ, ನಾನು ಬದುಕಿದ್ದೇನೆ, ಅಷ್ಟೂ ಗೊತ್ತಿಲ್ಲವಾ ನಿಮಗೆ ಎಂದೆ. ಹದಿನೈದಕ್ಕೆ ಇನ್ನು ಆರು ದಿನವಿತ್ತು. ಹೊಸ ಅರ್ಜಿಗೆ ಬರೆದರೆ ಬರುವಾಗ ಹತ್ತು ದಿನ ಎಂದು ಸುದ್ದಿ ಕೇಳಿ ಬಂದ ಮಾಸ್ಟ್ರು ಹೇಳಿ, ಮೊದಲ ಬಾರಿಗೆ ಬೈಯದೆ ಎದ್ದುಹೋದರು.

ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಎಬ್ಬಿಸಿ ಹೇಳಿದ, "ಹೊರಡು. ತಂಗಿಯ ಮನೆಗೆ ಹೋಗಿ ಬರುವ."

ಮದುವೆಯಾದ ಹೆಣ್ಣಿನ ಮನೆಗೆ ತವರಿನವರು ಸಿಹಿ ತೆಗೆದುಕೊಂಡು ಹೋಗುವುದು ರೂಢಿ. ಅಜ್ಜಿಗೂ ಅಷ್ಟೇ ಹೇಳಿದ. ಅಜ್ಜಿ ಏನೂ ಕೇಳದೆ ಬೆಲ್ಲ ಅವಲಕ್ಕಿ ಕಟ್ಟಿಕೊಟ್ಟಳು. ನಾವು ಪುತ್ತೂರಿಗೊಂದು ಬಸ್ಸು, ಅಲ್ಲಿಂದ ಸುಳ್ಯಕ್ಕೊಂದು ಬಸ್ಸು ಹಿಡಿದು, ಸುಳ್ಯದಿಂದ ಆಲೆಟ್ಟಿಗೆ ನಡೆದೆವು. ಅಪ್ಪ ನನ್ನ ಬಲಗೈ ಹಿಡಿದಿದ್ದ. ಹೊಳೆ ಪಕ್ಕದಲ್ಲೇ ಬರುತ್ತಿತ್ತು. ಆ ಹುಡುಗ ಮುಳುಗಿದ್ದು ಎಲ್ಲಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಬಾಗಿಲು ತೆರೆದವಳು ಹುಡುಗನ ತಾಯಿ. ಗಂಡಸಿನಂಥ ದಪ್ಪ ಧ್ವನಿ. ಕೂರಿಸಿ, ಬೆಲ್ಲ ನೀರು ಕೊಟ್ಟು, ಹೇಳತೊಡಗಿದಳು. "ಸೊಸೆ ಬಂದ ಮೇಲೆ ಮನೆ ಶಾಂತ ಉಂಟು ನೋಡಿ. ಮೊದಲು ದಿನಾ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಬೀಳ್ತಿತ್ತು. ನಿನ್ನೆ ಬೀಳ್ಲಿಲ್ಲ. ಅವನಿಗೆ ಜೊತೆ ಸಿಕ್ಕಿತಲ್ಲ."

ಅಪ್ಪ ಲೋಟ ಹಿಡಿದು ಕೂತೇ ಇದ್ದ. ಅವನು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೇ ಹೇಳಿದೆ. ಶಾಲೆ, ಅರ್ಜಿ, ಲಕೋಟೆ, ಕಾಗದದ ಸದ್ದು, ಉಳಿದ ದಿನಗಳು.

"ಅಯ್ಯೋ ದೇವರೇ," ಎಂದಳು ಅವಳು. "ಆ ಪೆಟ್ಟಿಗೆ ವರ್ಷ ತುಂಬುವ ತನಕ ತೆರೀಲಿಕ್ಕಿಲ್ಲ ಮಗಾ. ಒಳಗೆ ಇರುವುದನ್ನು ಯಾರೂ ನೋಡಬಾರ್ದು. ನೋಡಿದ್ರೆ ಅವರಿಬ್ಬರೂ ಹೊರಗೆ ಬರ್ತಾರೆ. ಮತ್ತೆ ಶುರುವಿಂದ ಆಗ್ತದೆ ಎಲ್ಲ."

ಅಪ್ಪ ಎದ್ದು ನಿಂತ. ಹೊರಡುವ ಅಂದಾಜು.

"ನಿಲ್ಲಿ ಮಾರಾಯ್ರೆ," ಎಂದಳು ಅವಳು. ಹತ್ತಿರ ಬಂದು ನನ್ನ ಗದ್ದ ಎತ್ತಿ ಹಿಡಿದಳು, ಮುಖದ ಮೇಲೆ ಅವಳ ಉಸಿರು ತಾಗಿತು. "ನಿನಗೆ ಸ್ವಲ್ಪವೂ ಕಾಣುದಿಲ್ವಾ?"

"ಇಲ್ಲ."

"ಬೆಳಕು? ನೆರಳು?"

"ಎಂತದೂ ಇಲ್ಲ."

"ಹಾಗಾದ್ರೆ ನೀನು ನೋಡುದು ಹೇಗೆ?" ಎಂದಳು. "ನೀನು ತೆರೆದ್ರೆ ಯಾರೂ ನೋಡಿದ ಹಾಗಾಗುದಿಲ್ಲ. ಬಾ."

ಕೈಹಿಡಿದು ಒಳಕೋಣೆಗೆ ಕರೆದುಕೊಂಡು ಹೋದಳು. "ತಂಗಿಯ ಹತ್ತಿರ ಕೇಳಿ ತೆಗಿ. ಕೇಳದೆ ಎಳೀಬೇಡ," ಎಂದು ಹೇಳಿ ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ಬಾಡಿದ ಮಲ್ಲಿಗೆಯ ವಾಸನೆ. ಅರಸಿನದ ವಾಸನೆ. ಹೊರಗಿನ ಸದ್ದು ಒಂದೂ ಒಳಗೆ ಬರುತ್ತಿರಲಿಲ್ಲ. ಮೊಣಕಾಲೂರಿ ತಡವಿದೆ, ಪೆಟ್ಟಿಗೆ ಸಿಕ್ಕಿತು. ಮುಚ್ಚಳ ಎತ್ತಿದೆ. ಸೀರೆ. ರವಿಕೆಗಳು. ಬಳೆಗಳು ತಣ್ಣಗಿದ್ದವು. ಕೈಯನ್ನು ಇನ್ನೂ ಒಳಗೆ ಇಳಿಸಿದೆ, ತಳದ ಹತ್ತಿರ ಬೆರಳಿಗೆ ಚುಕ್ಕಿಗಳು ತಾಗಿದವು. ಒಂದರ ಪಕ್ಕ ಒಂದು, ಉಬ್ಬಿದ ಚುಕ್ಕಿಗಳು, ತೇವ, ತಣ್ಣಗೆ.

ಕಾಗದ ಎಂದು ಮೊದಲು ಹೊಳೆಯಲಿಲ್ಲ. ನಾನು ಗುಡಿಸಲಿನಲ್ಲಿದ್ದೆ. ಅವಳ ಎಲೆ ಸದ್ದು ಮಾಡುತ್ತಿರಲಿಲ್ಲ.

ಹೆದರಿಕೆಯಾಯಿತು, ಇಲ್ಲವೆನ್ನಲಾರೆ. ಆದರೆ ಈ ಸಲ ಕೈ ಎತ್ತಿ ನನ್ನ ಎದೆಯ ಮೇಲಿಡಲು ಅಜ್ಜಿ ಇರಲಿಲ್ಲ, ನಾನೂ ಕೈ ತೆಗೆಯಲಿಲ್ಲ. ಆ ಚುಕ್ಕಿಗಳನ್ನು ಸವರಿದೆ. ಸವರುತ್ತ ಹೋದ ಹಾಗೆ ಒಂದು ಅಂಚು ಸಿಕ್ಕಿತು, ಮೂಲೆ ಸಿಕ್ಕಿತು. ಲಕೋಟೆಯಿಂದ ಅರ್ಧ ಹೊರಗೆ ಬಂದಿದ್ದ ನನ್ನ ಹಾಳೆ. ಎಳೆದೆ. ಬರಲಿಲ್ಲ. ಎಡಗಡೆಯ ತುದಿ ಬಿಗಿಯಾಗಿತ್ತು.

ಕೇಳದೆ ಎಳೆದೆನಲ್ಲ ಎಂದು ನೆನಪಾಯಿತು.

"ನಿನಗೆ ಮನೆ ಆಯ್ತಲ್ಲ," ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನಿಸಿತು. "ನನಗೆ ಎಂತದೂ ಆಗ್ಲಿಲ್ಲ ಇನ್ನೂ. ನಾನು ನಿನ್ನನ್ನು ಬಿಟ್ಟು ಹೋಗುದಲ್ಲ ಮಾರಾಯ್ತಿ, ಓದ್ಲಿಕ್ಕೆ ಹೋಗುದು. ಕೊಡು."

ಬಳೆಗಳು ಒಮ್ಮೆ ಕಿಣಿ ಎಂದವು. ಲಕೋಟೆ ಹಗುರವಾಗಿ ಬಂತು.

ಯಾವುದೋ ಬಳೆಯೊಳಗೆ ಕಾಗದದ ಮೂಲೆ ಸಿಕ್ಕಿಕೊಂಡಿತ್ತು, ನಾನು ಕೈ ಅಲ್ಲಾಡಿಸಿದಾಗ ಬಿಟ್ಟುಕೊಂಡಿತು. ಕೇಳಿದವರಿಗೆಲ್ಲ ಹೀಗೇ ಹೇಳುತ್ತ ಬಂದಿದ್ದೇನೆ. ಆ ಹೊತ್ತಿನಲ್ಲಿ ಹಾಗೆ ಅನಿಸಿರಲಿಲ್ಲ. ಜಡೆಯ ರಿಬ್ಬನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ.

ಮನೆಗೆ ಮರಳುವಾಗ ಸಂಜೆ. ಲಕೋಟೆ ನನ್ನ ರವಿಕೆಯೊಳಗಿತ್ತು. ಅಜ್ಜಿಗೆ ಏನೇನು ಹೇಳಬೇಕು, ಹೇಗೆ ಅವಳ ಬಾಯಿ ಮುಚ್ಚಿಸಬೇಕು ಎಂದು ಬಸ್ಸಿನಲ್ಲೇ ಕಂಠಪಾಠ ಮಾಡಿಕೊಂಡಿದ್ದೆ. ಅಂಗಳ ದಾಟಿ ಮೆಟ್ಟಿಲು ಹತ್ತಿದಾಗ ಅವಳು ಹೊಸ್ತಿಲಲ್ಲೇ ಕೂತಿದ್ದಳು. ನಾವು ಯಾಕೆ ಹೋದದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಕೊಟ್ಟಳಾ?" ಎಂದಳು.

ಅಪ್ಪನ ಹೆಜ್ಜೆ ನಿಂತಿತು. ಕಾಗದದ ವಿಷಯ ನನಗೆಂತ ಗೊತ್ತು ಎಂದವಳು ಇವಳೇ. ಕೈತಪ್ಪಿ ಪೆಟ್ಟಿಗೆಗೆ ಬಿದ್ದದ್ದಲ್ಲ ಅದು. ನನ್ನ ಚಾಪೆಯ ಅಡಿಯಿಂದ ತೆಗೆದು, ಯಾರೂ ಕೈ ಹಾಕದ ಜಾಗ ಯಾವುದೆಂದು ಯೋಚಿಸಿ, ರವಿಕೆಗಳ ತಳಕ್ಕೆ ತಳ್ಳಿದ್ದಳು. ನನ್ನ ಮೈ ಉರಿದುಹೋಯಿತು. ಕಂಠಪಾಠ ಮಾಡಿದ್ದೆಲ್ಲ ಬಾಯಿಗೆ ಬಂತು. ಅಷ್ಟರಲ್ಲಿ ಅವಳ ಕೈ ನನ್ನ ಮುಖ ಹುಡುಕುತ್ತ ಬಂತು. ಆ ಗುಡಿಸಲಿನಲ್ಲಿ ಒಬ್ಬಳನ್ನು ಮಣ್ಣಿಗೆ ಕೊಟ್ಟು ಬಂದು ಇನ್ನೊಬ್ಬಳಿಗೆ ಗಂಜಿ ಕುಡಿಸಿದ ಕೈ.

"ಕೊಟ್ಟಳು," ಎಂದೆ.

"ಅವಳಾಗಿಯೇ ಕೊಟ್ಟಳಾ?"

"ಹೌದು. ಕೇಳಿದೆ, ಕೊಟ್ಟಳು."

ಅಜ್ಜಿ ನನ್ನ ಕೆನ್ನೆಯಿಂದ ಕೈ ತೆಗೆದಳು. ಆಮೇಲೆ, "ಅವಳೇ ಬಿಟ್ಟ ಮೇಲೆ ನಾನು ಹಿಡ್ಕೊಂಡು ಎಂತ ಮಾಡುದು," ಎಂದಳು. "ಹೋಗು. ಇಬ್ಬರನ್ನೂ ಕಳಿಸಿದ ಹಾಗಾಯ್ತು ನಾನು."

ಎರಡು ದಿನ ಬಿಟ್ಟು ಹೊರಟೆವು. ನನ್ನ ಪೆಟ್ಟಿಗೆಯನ್ನು ತುಂಬಿಸಿದವಳೂ ಅವಳೇ, ಒಬ್ಬಳೇ ಒಳಗೆ ಕೂತು. ಹದಿಮೂರನೆಯ ತಾರೀಕಿಗೆ ಶಾಲೆ ಮುಟ್ಟಿದೆವು. ಅಪ್ಪ ಅರ್ಜಿ ಕೊಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದ. ಹಾಸ್ಟೆಲಿನಲ್ಲಿ ನನಗೆ ಕೊಟ್ಟ ಮೂಲೆಯಲ್ಲಿ ಕೂತು ಪೆಟ್ಟಿಗೆ ತೆರೆದೆ. ಒಂದು ಬಾಚಣಿಗೆ ಸಿಕ್ಕಿತು. ಒಂದು ರಿಬ್ಬನ್ನು. ಒಂದು ಬಟ್ಟಲು. ಮಡಚಿದ ಬಟ್ಟೆಗಳ ನಡುವೆ, ಮೂಲೆಗಳಲ್ಲಿ, ತಳದಲ್ಲಿ, ಎಡಗೈಯಿಂದ ಎಷ್ಟು ಹುಡುಕಿದರೂ ಯಾವುದರದ್ದೂ ಎರಡನೆಯದು ಇರಲಿಲ್ಲ. ಮದುವೆಯ ದಿನ ಅಳದವಳು ಅಲ್ಲಿ ಕೂತು ಅತ್ತೆ.